ಕಾಲೇಜಿನಲ್ಲಿ ಹೊಸ ಈಜು ತಂಡ ಕಟ್ಟುವ ಕೆಲಸ: ಒಪ್ಪಬೇಕೇ, ಒಪ್ಪಿದರೆ ಎಲ್ಲಿಂದ ಶುರು?

ಪ್ರಶ್ನೆ: ನನಗೆ 31 ವರ್ಷ. ಶಾಲಾ ದಿನಗಳಲ್ಲಿ ರಾಜ್ಯಮಟ್ಟದಲ್ಲಿ ಈಜಿದ್ದೇನೆ. ತರಬೇತುದಾರರಿಗಾಗಿ ಇರುವ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಇದೆ. ಈಗ ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಸಹಾಯಕ ತರಬೇತುದಾರ. ದಾವಣಗೆರೆ ಕಡೆಯ ಶಿಕ್ಷಣ ಸಂಸ್ಥೆಯೊಂದು ಆರು ಲೇನಿನ 25 ಮೀಟರ್ ಈಜುಕೊಳ ಕಟ್ಟಿಸಿದ್ದು, ಈಜು ತಂಡ ಕಟ್ಟಿಕೊಡಿ ಎಂದು ನನ್ನನ್ನು ಕರೆದಿದೆ. ಒಂದು ವರ್ಷದ ಗುತ್ತಿಗೆ. ಎರಡು ವರ್ಷದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಪದಕ ಬರಬೇಕು ಎನ್ನುತ್ತಾರೆ. ಹೋಗಲೇ? ಹೋದರೆ ಮೊದಲು ಏನು ಮಾಡಬೇಕು? ಮುಂದೆ ನನ್ನ ವೃತ್ತಿಯ ಗತಿ ಏನು? ವಾರಾಂತ್ಯದಲ್ಲಿ ಬೆಂಗಳೂರಿನ ಕೆಲಸ ಉಳಿಸಿಕೊಳ್ಳಬಹುದೇ?

ಉತ್ತರ: ಹೋಗಿ. ಆದರೆ ಎರಡು ವರ್ಷದ ಪದಕದ ಮಾತಿಗೆ ತಲೆಯಾಡಿಸಿ ಹೋಗಬೇಡಿ. ಆ ಮಾತು ಆಡಿದವರಿಗೆ ಈಜು ಗೊತ್ತಿಲ್ಲ, ಅಷ್ಟೇ. ಅದು ಅವರ ತಪ್ಪೇನಲ್ಲ. ಕೊಳಕ್ಕೆ ಇಷ್ಟು ಹಣ ಸುರಿದವರು ಫಲ ಕೇಳುವುದು ಸಹಜ. ಅವರಿಗೆ ಕಾಲದ ಲೆಕ್ಕವನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳುವುದು ನಿಮ್ಮ ಕೆಲಸದ ಮೊದಲ ಭಾಗ.

ಆ ಸಭೆಗೆ ಒಂದು ಉದಾಹರಣೆ ಕೊಡುತ್ತೇನೆ, ಬಳಸಿಕೊಳ್ಳಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 2008ರಲ್ಲಿ ಹಣದ ಕೊರತೆ ಎಂದು ಪುರುಷರ ಈಜು ತಂಡವನ್ನೇ ಕೈಬಿಟ್ಟಿತ್ತು. ದಾನಿಗಳು ಮುಂದೆ ಬಂದಿದ್ದರಿಂದ ತಂಡ ಉಳಿಯಿತು. 2015ರಲ್ಲಿ ಅಲ್ಲಿಗೆ ಬಂದವರು ಬಾಬ್ ಬೋಮನ್, ಮೈಕೆಲ್ ಫೆಲ್ಪ್ಸ್‌ನನ್ನು ತಯಾರು ಮಾಡಿದ ಗುರು. ಆ ಹೆಸರಿದ್ದೂ, ವಿದ್ಯಾರ್ಥಿವೇತನ ಕೊಟ್ಟು ದೇಶವಿದೇಶಗಳ ಈಜುಗಾರರನ್ನು ಕರೆತರುವ ಅನುಕೂಲವಿದ್ದೂ, ಆ ತಂಡ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದದ್ದು 2024ರಲ್ಲಿ. ಗೆದ್ದ ಕೆಲವೇ ದಿನಗಳಲ್ಲಿ ಬೋಮನ್ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ಅದು ಬೇರೆ ಕಥೆ. ಫೆಲ್ಪ್ಸ್‌ನ ಗುರುವಿಗೆ ಒಂಬತ್ತು ವರ್ಷ ಬೇಕಾಯಿತು ಎಂದಾಗ ಯಾವ ಆಡಳಿತ ಮಂಡಳಿಯೂ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಕ್ಷಣದಲ್ಲಿ ಮೂರು ವರ್ಷದ ಗುತ್ತಿಗೆ ಕೇಳಿ.

ಈಗ ಪತ್ರದಲ್ಲಿ ನೀವು ಬರೆಯದೇ ಬಿಟ್ಟ ವಿಷಯಕ್ಕೆ ಬರುತ್ತೇನೆ. ಆ ಸಂಸ್ಥೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ? ಒಂದೇ ಕಾಂಪೌಂಡಿನೊಳಗೆ ಎಂಜಿನಿಯರಿಂಗ್, ಪದವಿ, ನರ್ಸಿಂಗ್, ಪಿಯು ಎಲ್ಲ ಇರುವ ಸಂಸ್ಥೆ ಅದಾಗಿದ್ದರೆ ನಿಮ್ಮದು ಒಂದು ತಂಡವಲ್ಲ. ಎಂಜಿನಿಯರಿಂಗ್ ಹುಡುಗ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪರ ಈಜಬೇಕು. ಬಿ.ಕಾಂ. ಹುಡುಗಿ ದಾವಣಗೆರೆ ವಿಶ್ವವಿದ್ಯಾಲಯದ ಪರ. ನರ್ಸಿಂಗ್ ವಿದ್ಯಾರ್ಥಿನಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರ. ಪಿಯು ಮಕ್ಕಳು ವಿಶ್ವವಿದ್ಯಾಲಯದ ಲೆಕ್ಕಕ್ಕೇ ಬರುವುದಿಲ್ಲ, ಅವರ ಕೂಟಗಳು ಇಲಾಖೆಯ ಮೂಲಕ ನಡೆಯುತ್ತವೆ. ಬೆಳಿಗ್ಗೆ ಒಂದೇ ಲೇನಿನಲ್ಲಿ ಒಬ್ಬರ ಹಿಂದೊಬ್ಬರು ಈಜುವ ನಾಲ್ವರು ಸೇರಿ ಒಂದು ರಿಲೇ ತಂಡ ಆಗಲಾರರು. ಅಷ್ಟೇ ಅಲ್ಲ, ಸಂಯೋಜಿತ ಕಾಲೇಜಿನ ತಂಡ ಅಖಿಲ ಭಾರತ ಕೂಟಕ್ಕೆ ನೇರವಾಗಿ ಹೋಗುವುದೂ ಇಲ್ಲ. ಅಂತರ ಕಾಲೇಜು ಕೂಟ ನಡೆದು, ಅಲ್ಲಿ ಆಯ್ಕೆಯಾದವರು ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಹೋಗುತ್ತಾರೆ. ಪದಕ ಬಂದರೆ ಅದು ವಿಶ್ವವಿದ್ಯಾಲಯದ ಖಾತೆಗೆ.

ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯವಾದರೆ ಚಿತ್ರವೇ ಬೇರೆ. ತನ್ನ ಹೆಸರಿನಲ್ಲೇ ನೇರವಾಗಿ ತಂಡ ಕಳಿಸಬಹುದು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಒಟ್ಟಾರೆ ಚಾಂಪಿಯನ್ ಆದದ್ದು ನಿಮಗೆ ನೆನಪಿರಬಹುದು. ಶ್ರೀಹರಿ ನಟರಾಜ್, ಶಿವ ಶ್ರೀಧರ್ ಅಂಥವರು ಆ ಈಜು ತಂಡದಲ್ಲಿದ್ದರು. ನಿಮ್ಮನ್ನು ಕರೆದವರ ಕಣ್ಣಲ್ಲಿ ಬಹುಶಃ ಆ ಚಿತ್ರವೇ ಇದೆ. ಆದರೆ ಅಂಥವರನ್ನು ಬೆಳೆಸಿದ್ದು ಬೆಂಗಳೂರಿನ ಕ್ಲಬ್ಬುಗಳು, ಚಿಕ್ಕಂದಿನಿಂದ, ವರ್ಷಗಟ್ಟಲೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಈಜಿದವರು ಇಬ್ಬರೇ, ಶ್ರೀಹರಿ ಮತ್ತು 14 ವರ್ಷದ ಧಿನಿಧಿ ದೇಸಿಂಗು. ಇಬ್ಬರೂ ಬೆಂಗಳೂರಿನವರು. ಆ ಸಾಲಿನ ಮಕ್ಕಳು ಶುಲ್ಕ ಮನ್ನಾ ಮಾಡಿದರೂ ದಾವಣಗೆರೆಗೆ ಬರುವುದಿಲ್ಲ. ಅವರನ್ನು ಬೆನ್ನಟ್ಟಿ ಮೊದಲ ವರ್ಷ ಹಾಳುಮಾಡಿಕೊಳ್ಳಬೇಡಿ.

ಹಾಗಾದರೆ ಯಾರು ಬರುತ್ತಾರೆ? ಬಿಟ್ಟವರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಬಂತೆಂದರೆ ಈಜು ನಿಲ್ಲುತ್ತದೆ. ಪಿಯುಸಿಯಲ್ಲಿ ಸಿಇಟಿ, ನೀಟ್ ಎಂದು ಎರಡು ವರ್ಷ ಕೊಳದ ಮುಖ ನೋಡುವುದಿಲ್ಲ. ಹದಿನೇಳು ದಾಟಿದ ಮೇಲೆ ವಯೋಮಾನದ ಕೂಟಗಳೂ ಮುಗಿಯುತ್ತವೆ. ಆಮೇಲೆ ಉಳಿಯುವುದು ಹಿರಿಯರ ಕೂಟ ಅಥವಾ ವಿಶ್ವವಿದ್ಯಾಲಯದ ಕೂಟ. ಹದಿನಾಲ್ಕನೇ ವಯಸ್ಸಿನಲ್ಲಿ ರಾಜ್ಯ ಕೂಟದ ಫೈನಲ್‌ನಲ್ಲಿ ಐದನೆಯವನಾಗಿ ಬಂದು, ಆಮೇಲೆ ಕನ್ನಡಕ, ಟ್ಯೂಷನ್ನು, ಎಂಟು ಕೆ.ಜಿ. ತೂಕ ಸಂಪಾದಿಸಿಕೊಂಡ ಹುಡುಗ ನಿಮ್ಮ ಕ್ಯಾಂಪಸ್ಸಿನಲ್ಲೇ ಎಲ್ಲೋ ಮೂರನೇ ಬೆಂಚಿನಲ್ಲಿ ಕುಳಿತಿರುತ್ತಾನೆ. ಹೊಸ ಕಾಲೇಜು ತಂಡದ ನಿಜವಾದ ಬಂಡವಾಳ ಅವನೇ. ಕಾಲೇಜು ತರಬೇತುದಾರನ ಕೆಲಸ ಹೊಸ ಪ್ರತಿಭೆ ಹುಡುಕುವುದು ಎಂದುಕೊಂಡು ಹೋದವರು ಸೋಲುತ್ತಾರೆ. ಬಿಟ್ಟವರನ್ನು ನೀರಿಗೆ ಮರಳಿಸಿ, ಅಂತಿಮ ವರ್ಷದವರೆಗೂ ನೀರಿನಲ್ಲೇ ಉಳಿಸಿಕೊಳ್ಳುವವರು ತಂಡ ಕಟ್ಟುತ್ತಾರೆ. ಅಂತರ ವಿಶ್ವವಿದ್ಯಾಲಯ ಕೂಟಗಳನ್ನು ನಡೆಸುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ (ಎಐಯು) ನಿಯಮದಲ್ಲಿ 25 ವರ್ಷದವರೆಗೆ ಅವಕಾಶವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಮರೆಯಬೇಡಿ.

ಅವನನ್ನು ಹುಡುಕುವ ದಾರಿ ಸುಲಭ. ಸೂಚನಾ ಫಲಕದಲ್ಲಿ ಚೀಟಿ ಹಚ್ಚಿದರೆ ಈಜು ಕಲಿಯಲು ಬಯಸುವವರು ನೂರು ಜನ ಬರುತ್ತಾರೆ. ಒಳ್ಳೆಯದೇ, ಅವರಿಗೆ ಸಂಜೆಯ ತರಗತಿ ಮಾಡಿ. ಈಜಿ ಬಿಟ್ಟವನು ಮಾತ್ರ ಚೀಟಿ ನೋಡಿ ಬರುವುದಿಲ್ಲ. ಅವನಿಗೆ ತನ್ನ ಹಳೆಯ ಸಮಯ ಗೊತ್ತು, ಈಗಿನ ಹೊಟ್ಟೆಯೂ ಗೊತ್ತು, ನಾಚಿಕೆ. ಪ್ರವೇಶ ವಿಭಾಗಕ್ಕೆ ಹೋಗಿ, ಅರ್ಜಿಗಳೊಂದಿಗೆ ಲಗತ್ತಿಸಿದ ಕ್ರೀಡಾ ಪ್ರಮಾಣಪತ್ರಗಳನ್ನು ತೋರಿಸಲು ಕೇಳಿ. ಸಿಇಟಿಯ ಕ್ರೀಡಾ ಕೋಟಾದಲ್ಲಿ ಸೀಟು ಪಡೆದವರ ಪಟ್ಟಿಯನ್ನೂ ಕೇಳಿ. ಪ್ರಮಾಣಪತ್ರ ಸೀಟು ಕೊಡಿಸಿ ಕಡತ ಸೇರಿದ ಮೇಲೆ ಅದನ್ನು ಯಾರೂ ಮತ್ತೆ ತೆರೆದು ನೋಡಿರುವುದಿಲ್ಲ. ಹೆಸರು ಹಿಡಿದು ಹುಡುಕಿ, ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಿ. ಆರು ಜನ ಸಿಕ್ಕರೆ ಸಾಕು.

ಸಿಕ್ಕವರಿಗೆ ಮೊದಲ ದಿನವೇ ಸ್ಟಾಪ್‌ವಾಚ್ ತೋರಿಸಬೇಡಿ. ಎರಡು ವರ್ಷ ಬಿಟ್ಟ ಭುಜಕ್ಕೆ ಹಳೆಯ ದೂರದ ನೆನಪಿರುತ್ತದೆ, ಶಕ್ತಿ ಇರುವುದಿಲ್ಲ. ಆರು ವಾರ, ದಿನಕ್ಕೆ ಎರಡು ಕಿಲೋಮೀಟರಿನ ಆಸುಪಾಸು, ಅದರಲ್ಲಿ ಅರ್ಧ ತಂತ್ರದ ಅಭ್ಯಾಸ. ನೆಲದ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಭುಜದ ವ್ಯಾಯಾಮ ಪ್ರತಿದಿನ. ಏಳನೇ ವಾರ ಪರೀಕ್ಷೆ ಮಾಡಿ: ಒಂದು 400 ಮೀಟರ್, ಚೆನ್ನಾಗಿ ವಿಶ್ರಾಂತಿ ಕೊಟ್ಟು ಒಂದು 200 ಮೀಟರ್, ಎರಡೂ ಪೂರ್ಣ ಶ್ರಮದಿಂದ. ಒಬ್ಬನಿಗೆ 400ಕ್ಕೆ 5 ನಿಮಿಷ 40 ಸೆಕೆಂಡು, 200ಕ್ಕೆ 2 ನಿಮಿಷ 40 ಸೆಕೆಂಡು ಬಂತು ಎನ್ನಿ. ನಡುವಿನ ಅಂತರ 180 ಸೆಕೆಂಡು, ದೂರ 200 ಮೀಟರ್. ಅಂದರೆ 100 ಮೀಟರಿಗೆ 90 ಸೆಕೆಂಡು ಅವನು ಹೆಚ್ಚು ಹೊತ್ತು ತಾಳಿಕೊಳ್ಳಬಲ್ಲ ವೇಗ. ಆ ವೇಗದಲ್ಲಿ, ನಡುವೆ 15 ಸೆಕೆಂಡು ಬಿಡುವು ಕೊಟ್ಟು, ಹತ್ತು ಬಾರಿ 100 ಮೀಟರ್ ಈಜಿಸಿ. ಎಲ್ಲರನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ದುರ್ಬಲನು ಮೂರನೇ ವಾರ ಮಾಯವಾಗುತ್ತಾನೆ. ಪ್ರತಿಯೊಬ್ಬನಿಗೂ ಅವನದೇ ಅಂಕಿ ಇದ್ದರೆ, ತಿಂಗಳಾದ ಮೇಲೆ 90 ಇದ್ದದ್ದು 88 ಆದದ್ದನ್ನು ಅವನೇ ನೋಡುತ್ತಾನೆ. ಬಿಟ್ಟವನನ್ನು ಉಳಿಸಿಕೊಳ್ಳುವುದು ಈ ಎರಡು ಸೆಕೆಂಡು, ನಿಮ್ಮ ಭಾಷಣವಲ್ಲ.

ಕಾಲೇಜು ಮಟ್ಟದಲ್ಲಿ ಅಗ್ಗವಾಗಿ ಸಿಗುವ ಸಮಯ ಇರುವುದು ಗೋಡೆಯ ಬಳಿ. ಜಿಗಿತ, ತಿರುವು, ಗೋಡೆ ತಳ್ಳಿದ ಮೇಲೆ ನೀರಿನೊಳಗೆ ಎರಡೂ ಕಾಲು ಜೋಡಿಸಿ ಒದೆಯುವ ಡಾಲ್ಫಿನ್ ಒದೆತ. ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಉಳಿದ ಈಜು ಶೈಲಿಗಳಲ್ಲಿ 15 ಮೀಟರ್‌ವರೆಗೆ ಮುಳುಗಿರಲು ನಿಯಮವೇ ಅವಕಾಶ ಕೊಟ್ಟಿದೆ. ನಮ್ಮ ಹುಡುಗರು ಐದಾರು ಮೀಟರಿಗೇ ಮೇಲೆ ಬಂದುಬಿಡುತ್ತಾರೆ. ಆದರೆ ಒಂದು ಎಚ್ಚರ. ನಿಮ್ಮದು 25 ಮೀಟರ್ ಕೊಳ, 100 ಮೀಟರಿಗೆ ಮೂರು ತಿರುವು. ದೊಡ್ಡ ಕೂಟಗಳು ನಡೆಯುವ 50 ಮೀಟರ್ ಕೊಳದಲ್ಲಿ ಒಂದೇ ತಿರುವು. ಮನೆಯ ಕೊಳದ ಸಮಯವನ್ನು ಹಾಗೆಯೇ ಪ್ರಾಂಶುಪಾಲರಿಗೆ ವರದಿ ಮಾಡಿದರೆ, ಕೂಟದಲ್ಲಿ ಸೆಕೆಂಡುಗಳು ಹೆಚ್ಚಾದಾಗ ಉತ್ತರಿಸಬೇಕಾದವರು ನೀವು. ಸ್ಪರ್ಧೆಗೆ ಮೊದಲು ಕೆಲವು ದಿನವಾದರೂ 50 ಮೀಟರ್ ಕೊಳಕ್ಕೆ ಕರೆದೊಯ್ಯುವ ವೆಚ್ಚವನ್ನು ಬಜೆಟ್ಟಿನಲ್ಲಿ ಮೊದಲೇ ಬರೆಸಿಕೊಳ್ಳಿ.

ಇನ್ನು, ತರಬೇತಿಯ ಪುಸ್ತಕಗಳು ಹೇಳದ ವಿಷಯ. ಕಾಲೇಜು ತಂಡವನ್ನು ಮುಳುಗಿಸುವುದು ನೀರಲ್ಲ, ವೇಳಾಪಟ್ಟಿ. ಬೆಳಿಗ್ಗೆ ಐದೂವರೆಗೆ ಅಭ್ಯಾಸ ಎಂದು ನೀವು ಬರೆಯುತ್ತೀರಿ. ಹುಡುಗಿಯರ ಹಾಸ್ಟೆಲಿನ ಗೇಟು ತೆರೆಯುವುದು ಆರಕ್ಕೆ. ಏಳೂವರೆಗೆ ನೀರಿನಿಂದ ಎದ್ದ ಮಕ್ಕಳಿಗೆ ಹೊಟ್ಟೆಯಲ್ಲಿ ಬೆಂಕಿ, ಮೆಸ್ಸಿನಲ್ಲಿ ತಿಂಡಿ ಸಿಗುವುದು ಎಂಟಕ್ಕೆ, ತರಗತಿ ಎಂಟೂವರೆಗೆ. ಸಾಲಿನಲ್ಲಿ ನಿಂತು ಎರಡು ಇಡ್ಲಿ ನುಂಗಿ ಓಡಿದವನು ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ಮಾಡುತ್ತಾನೆ. ಉಪನ್ಯಾಸಕರು ಈಜನ್ನು ಬೈಯುತ್ತಾರೆ, ಮನೆಗೆ ಫೋನ್ ಹೋಗುತ್ತದೆ, ಹುಡುಗ ಎರಡನೇ ಬಾರಿ ಈಜು ಬಿಡುತ್ತಾನೆ. ಆದ್ದರಿಂದ ಮೊದಲ ವಾರ ವಾರ್ಡನ್ ಅವರನ್ನೂ ಮೆಸ್ ನೋಡಿಕೊಳ್ಳುವವರನ್ನೂ ಭೇಟಿಯಾಗಿ. ಅಭ್ಯಾಸಕ್ಕೆ ಮೊದಲು ಬಾಳೆಹಣ್ಣು, ಮುಗಿದ ಕೂಡಲೇ ಹಾಲು, ಬೇಯಿಸಿದ ಮೊಟ್ಟೆ ಅಥವಾ ಮೊಳಕೆಕಾಳು ಕೊಳದ ಬಳಿಯೇ ಸಿಗುವಂತೆ ಮಾಡಿ. ಇದಕ್ಕೆ ಆಗುವ ಖರ್ಚು ಕೊಳದ ಪಂಪಿನ ವಿದ್ಯುತ್ ಬಿಲ್ಲಿನ ಮುಂದೆ ಏನೂ ಅಲ್ಲ.

ಹಾಜರಾತಿಯದು ಇನ್ನೊಂದು ತಕರಾರು. ಅಂತರ ಕಾಲೇಜು ಕೂಟ, ಆಯ್ಕೆ ಶಿಬಿರ, ಅಖಿಲ ಭಾರತ ಕೂಟ, ಪ್ರಯಾಣ ಎಲ್ಲ ಸೇರಿ ಒಂದು ಸೆಮಿಸ್ಟರಿನಲ್ಲಿ ಬಹಳಷ್ಟು ದಿನ ತರಗತಿ ತಪ್ಪುತ್ತದೆ, ಅದೂ ಆಂತರಿಕ ಪರೀಕ್ಷೆಗಳ ನಡುವೆ. ಕ್ರೀಡೆಗೆ ಹೋದ ದಿನಗಳ ಹಾಜರಾತಿ, ತಪ್ಪಿದ ಪರೀಕ್ಷೆಗೆ ಮರುಪರೀಕ್ಷೆ, ಇವೆರಡರ ಬಗ್ಗೆ ಪ್ರಾಂಶುಪಾಲರ ಸಹಿಯಿರುವ ಸುತ್ತೋಲೆ ಹೊರಡಿಸಿ. ಬಾಯಿಮಾತಿನ ಭರವಸೆ ಪ್ರಾಂಶುಪಾಲರು ಬದಲಾದ ದಿನ ಮುಗಿಯುತ್ತದೆ.

ಕೊಳದ ಬಗ್ಗೆ: ಸಹಿ ಹಾಕುವ ಮೊದಲು ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ ಆಳ ಅಳೆಯಿರಿ. ಜಿಗಿತದ ಕಟ್ಟೆ ಇರುವ ಕಡೆ ಗೋಡೆಯಿಂದ ಒಂದು ಮೀಟರಿನಿಂದ ಆರು ಮೀಟರ್‌ವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಚಿಕ್ಕ ಮಕ್ಕಳೂ ಕಲಿಯಲಿ ಎಂದು ಎರಡೂ ತುದಿಯಲ್ಲಿ ಆಳ ಕಡಿಮೆ ಮಾಡಿ ಕಟ್ಟೆಗಳನ್ನು ಮಾತ್ರ ಅಂದವಾಗಿ ಕೂರಿಸಿದ ಕೊಳಗಳಿವೆ. ಅಂಥದ್ದಾದರೆ ಕಟ್ಟೆಗಳನ್ನು ಕಿತ್ತುಹಾಕಿಸಿ. ಕತ್ತಿನ ಮೂಳೆಗಿಂತ ಗ್ರಾನೈಟು ದೊಡ್ಡದಲ್ಲ.

ಆರು ಲೇನಿನ 25 ಮೀಟರ್ ಕೊಳಕ್ಕೆ ಸುಮಾರು ಐದು ಲಕ್ಷ ಲೀಟರ್ ನೀರು ಬೇಕು. ಶೋಧಕ ಸರಿಯಿದ್ದರೆ ಅದನ್ನು ಪದೇ ಪದೇ ಬದಲಿಸಬೇಕಿಲ್ಲ, ಆವಿಯಾದದ್ದನ್ನೂ ಶೋಧಕ ತೊಳೆಯುವಾಗ ಹೋದದ್ದನ್ನೂ ತುಂಬಿದರೆ ಆಯಿತು. ಆದರೂ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಮೊದಲು ನಿಲ್ಲುವುದು ಕೊಳವೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದನ್ನು ನೀವೂ ಅನುಭವಿಸಿರುತ್ತೀರಿ. ಕ್ಯಾಂಪಸ್ಸಿನಲ್ಲಿ ಮಳೆನೀರು ಸಂಗ್ರಹ ಇದೆಯೇ, ಬೇಸಿಗೆಗೆ ಬೇರೆ ಮೂಲ ಯಾವುದು ಎಂದು ಈಗಲೇ ಕೇಳಿ.

ಆಡಳಿತದವರು ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಲು ಹೇಳಿಯೇ ಹೇಳುತ್ತಾರೆ. ಮೂಗು ಮುರಿಯಬೇಡಿ. ಕೊಳದ ನಿರ್ವಹಣೆಗೆ ಬರುವ ಹಣ ಅದೇ. ಊರಿನವರಿಗೆ ಈಜು ಪರಿಚಯವಾಗುವುದೂ ಅಲ್ಲೇ. ಆದರೆ ತಂಡದ ವೇಳೆಯನ್ನು ಶಿಬಿರಕ್ಕೆ ಬಿಟ್ಟುಕೊಡಬೇಡಿ, ಶಿಬಿರದ ಆದಾಯದಲ್ಲಿ ಒಂದು ಪಾಲು ತಂಡದ ಖರ್ಚಿಗೆ ಎಂದು ಬರೆಸಿಕೊಳ್ಳಿ. ತಂಡ ತನ್ನ ಬಸ್ ಖರ್ಚನ್ನು ತಾನೇ ದುಡಿಯುತ್ತದೆ ಎಂದಾದರೆ ಬಜೆಟ್ ಕಡಿತದ ವರ್ಷ ಅದರ ಮೇಲೆ ಕತ್ತರಿ ಬೀಳುವುದು ಕಷ್ಟ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ತರಬೇತಿ ಕೊಡುತ್ತಿರುವವನು ಅದೇ ಹೊತ್ತಿನಲ್ಲಿ ಜೀವರಕ್ಷಕನಾಗಲಾರ. ಇನ್ನೊಬ್ಬರನ್ನು ನೇಮಿಸದೆ ಕೊಳ ತೆರೆಯುವುದಿಲ್ಲ ಎಂದು ಹೇಳಿ. ಹಾಸ್ಟೆಲ್ ಹುಡುಗರಿಗೆ ಒಂದು ಚಟವಿದೆ, ಯಾರು ಉಸಿರು ಬಿಗಿಹಿಡಿದು ಎಷ್ಟು ದೂರ ಹೋಗುತ್ತಾರೆ ಎಂಬ ಪಂದ್ಯ. ಮೊದಲು ಜೋರಾಗಿ ನಾಲ್ಕಾರು ಬಾರಿ ಉಸಿರಾಡಿ ಮುಳುಗುತ್ತಾರೆ. ಹಾಗೆ ಮಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂದು ದೇಹ ಕೂಗುವುದು ಅದು ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಹಾಗಾಗಿ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಮುಳುಗುವುದು ಈಜು ಬಾರದವನಲ್ಲ, ಚೆನ್ನಾಗಿ ಬರುವವನು. ಈ ಪಂದ್ಯ ಆಡಿದವನಿಗೆ ಆ ಸೆಮಿಸ್ಟರಿಗೆ ಕೊಳ ಬಂದ್ ಎಂದು ಫಲಕ ಹಾಕಿ, ಹಾಕಿದಂತೆ ನಡೆದುಕೊಳ್ಳಿ.

ಹುಡುಗಿಯರ ತಂಡವನ್ನು ಮೊದಲ ದಿನದಿಂದಲೇ ಶುರುಮಾಡಿ. ಆಮೇಲೆ ನೋಡೋಣ ಎಂದರೆ ಅದು ಎಂದೂ ಆಗುವುದಿಲ್ಲ. ಒಬ್ಬ ಮಹಿಳಾ ಸಹಾಯಕಿ, ಪ್ರತ್ಯೇಕ ಬಟ್ಟೆ ಬದಲಿಸುವ ಕೋಣೆ, ಅಭ್ಯಾಸದ ಹೊತ್ತಿನಲ್ಲಿ ಗ್ಯಾಲರಿಯಲ್ಲಿ ಪ್ರೇಕ್ಷಕರಿಗೂ ಮೊಬೈಲ್ ಕ್ಯಾಮೆರಾಕ್ಕೂ ನಿಷೇಧ, ಇಷ್ಟಿದ್ದರೆ ತಂದೆತಾಯಿ ಒಪ್ಪುತ್ತಾರೆ. ಪಿಯು ಮಕ್ಕಳೂ ಬರುವುದಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ನಿಮಗೂ ನಿಮ್ಮ ಸಿಬ್ಬಂದಿಗೂ ಅನ್ವಯಿಸುತ್ತದೆ. ತಂತ್ರ ತಿದ್ದಲು ಮುಟ್ಟಬೇಕಾದ ಸಂದರ್ಭವನ್ನೇ ಕಡಿಮೆ ಮಾಡಿ. ದಡದಿಂದ ತೋರಿಸಿ, ವಿಡಿಯೊ ಬೇಕಾದರೆ ಸಂಸ್ಥೆಯ ಕ್ಯಾಮೆರಾದಲ್ಲೇ, ಅನುಮತಿ ಪಡೆದು ತೆಗೆಯಿರಿ.

ಕೊನೆಗೆ ನಿಮ್ಮ ವೃತ್ತಿ. ಇಲ್ಲಿ ಕಹಿ ಮಾತೊಂದಿದೆ. ನಮ್ಮ ಕಾಲೇಜುಗಳಲ್ಲಿ ತರಬೇತುದಾರ ಎಂಬ ಹುದ್ದೆಗೆ ಮೆಟ್ಟಿಲುಗಳೇ ಇಲ್ಲ. ಯುಜಿಸಿ ವೇತನಶ್ರೇಣಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರಿಗೆ. ಅದಕ್ಕೆ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಯೂ ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌.ಡಿ.ಯೂ ಬೇಕು. ನಿಮ್ಮ ಎನ್‌ಐಎಸ್ ಡಿಪ್ಲೊಮಾ ಕೊಳದ ದಡದಲ್ಲಿ ಚಿನ್ನ, ಆ ಅರ್ಜಿಯಲ್ಲಿ ಸಾಲದು. ನಿಮಗೆ ಬಿ.ಪಿ.ಇಡಿ. ಇದ್ದರೆ ಎಂ.ಪಿ.ಇಡಿ.ಗೆ ದಾರಿ ಹುಡುಕಿ, ನೆಟ್ ಬರೆಯಿರಿ. ಇಲ್ಲದಿದ್ದರೆ ನಿರ್ದೇಶಕರ ಹುದ್ದೆಯ ಆಸೆ ಬಿಟ್ಟು ತರಬೇತುದಾರನಾಗಿಯೇ ಗಟ್ಟಿಯಾಗುವ ದಾರಿ ಹಿಡಿಯಿರಿ. ಆ ದಾರಿಯಲ್ಲಿ ಗುತ್ತಿಗೆಯೇ ನಿಮ್ಮ ಕವಚ. ಹುದ್ದೆಯ ಹೆಸರು, ಭವಿಷ್ಯನಿಧಿ, ಕೊಳದ ವೇಳಾಪಟ್ಟಿಯ ಮೇಲೆ ನಿಮ್ಮ ಅಧಿಕಾರ, ಕೆಲಸದಿಂದ ತೆಗೆಯುವುದಾದರೆ ಎಷ್ಟು ತಿಂಗಳ ಮುನ್ಸೂಚನೆ, ಎಲ್ಲವೂ ಕಾಗದದಲ್ಲಿರಲಿ. ಅಲ್ಲಿ ಈಗಾಗಲೇ ಇರುವ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ಮನಸ್ತಾಪ ಮಾಡಿಕೊಳ್ಳಬೇಡಿ. ವಿಶ್ವವಿದ್ಯಾಲಯದ ಅರ್ಜಿಗಳಿಗೆ ಸಹಿ ಬೀಳುವುದು ಅವರದೇ.

ಸಂಸ್ಥೆಯ ಕೊಳವನ್ನೇ ಆಧರಿಸಿ ಒಂದು ಕ್ಲಬ್ಬನ್ನು ಕರ್ನಾಟಕ ಈಜು ಸಂಸ್ಥೆಯಲ್ಲಿ ನೋಂದಾಯಿಸಲು ಪ್ರಯತ್ನಿಸಿ. ಆಗ ನಿಮ್ಮ ಹುಡುಗರು ರಾಜ್ಯ ಕೂಟದಲ್ಲೂ ಈಜಬಹುದು, ಎಂಜಿನಿಯರಿಂಗ್‌ನವನೂ ಬಿ.ಕಾಂ.ನವನೂ ಅಲ್ಲಾದರೂ ಒಂದೇ ತಂಡ. ತೀರ್ಪುಗಾರರ ಪರೀಕ್ಷೆ ಬರೆದು ಅಧಿಕೃತರ ಪಟ್ಟಿಯಲ್ಲೂ ಹೆಸರು ಸೇರಿಸಿಕೊಳ್ಳಿ. ಪ್ರತಿಯೊಬ್ಬನ ಪ್ರತಿ ಪರೀಕ್ಷೆಯ ಸಮಯವನ್ನು, ಬಂದ ದಿನದಿಂದ ಬಿಟ್ಟ ದಿನದವರೆಗೆ, ದಾಖಲೆ ಇಡಿ. ಅಮೆರಿಕದ ಆಯೋವಾ ವಿಶ್ವವಿದ್ಯಾಲಯದಂಥ ಹಳೆಯ ಹೆಸರೇ 2020ರಲ್ಲಿ ಈಜು ತಂಡಗಳನ್ನು ರದ್ದುಮಾಡಿತು. ಮಹಿಳೆಯರ ತಂಡ ನ್ಯಾಯಾಲಯದ ಮೆಟ್ಟಿಲೇರಿ ಉಳಿದುಕೊಂಡಿತು, ಪುರುಷರದ್ದು ಹೋಯಿತು. ದಾವಣಗೆರೆಯ ಆಡಳಿತ ಮಂಡಳಿಯೂ ಒಂದು ದಿನ ಮನಸ್ಸು ಬದಲಿಸಬಹುದು. ಆಗ ಮುಂದಿನ ಸಂದರ್ಶನಕ್ಕೆ ಕೈಯಲ್ಲಿ ಹಿಡಿದು ಹೋಗಲು ನಿಮಗೆ ಬೇಕಾದದ್ದು ಪದಕದ ಫೋಟೊ ಅಲ್ಲ, 20 ವಿದ್ಯಾರ್ಥಿಗಳು ಮೂರು ವರ್ಷ ಈಜಿದ್ದಕ್ಕೆ ಆ ದಾಖಲೆ. ಮೂರನೇ ವರ್ಷಕ್ಕೆ ಅಂತರ ಕಾಲೇಜು ಕೂಟದಲ್ಲಿ ಪುರುಷರ, ಮಹಿಳೆಯರ ರಿಲೇ ತಂಡ ಎರಡನ್ನೂ ಕಣಕ್ಕಿಳಿಸಿ, ಇಬ್ಬರು ಮೂವರನ್ನು ವಿಶ್ವವಿದ್ಯಾಲಯ ತಂಡಕ್ಕೆ ಕಳಿಸಿದಿರಾದರೆ ನಾನಂತೂ ಅದನ್ನು ಯಶಸ್ಸು ಎನ್ನುತ್ತೇನೆ. ಆಡಳಿತದವರಿಗೂ ಇದೇ ಗುರಿಯನ್ನು ಬರೆದುಕೊಡಿ.

ವಾರಾಂತ್ಯದ ಬೆಂಗಳೂರಿನ ಕೆಲಸ ಮೊದಲ ವರ್ಷ ಬೇಡ. ವಿದ್ಯಾರ್ಥಿಗಳಿಗೆ ತರಗತಿಯ ಕಾಟವಿಲ್ಲದೆ ದೀರ್ಘ ಅಭ್ಯಾಸ ಮಾಡಿಸಲು ಸಿಗುವುದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಮಾತ್ರ. ಕ್ಲಬ್ಬಿನವರನ್ನು ಮಾತ್ರ ಮುನಿಸಿಕೊಳ್ಳುವಂತೆ ಮಾಡಿ ಬರಬೇಡಿ. ಕೂಟಕ್ಕೆ ಮುನ್ನ 50 ಮೀಟರ್ ಕೊಳದಲ್ಲಿ ಎರಡು ಲೇನ್ ಬೇಕಾದಾಗ ನೀವು ಮೊದಲು ಫೋನ್ ಮಾಡುವುದು ಅವರಿಗೇ.